ಫ್ಲೋರೈಡ್ ರೀಡಿಂಗ್ ಅರ್ಧಕ್ಕೇ ನಿಂತಿದ್ದರೆ ನಾರ್ಮಲ್ ಟೆಸ್ಟ್ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಇದು: ಚಳ್ಳಕೆರೆ ಕಡೆಯ 40 ಬೋರ್‌ವೆಲ್‌ಗಳ ನೀರು ಪರೀಕ್ಷಿಸಿದ್ದೀರಿ. 28ಕ್ಕೆ ಫ್ಲೋರೈಡ್ ಅಂಕಿ ಸಿಕ್ಕಿದೆ. ಉಳಿದ 12ಕ್ಕೆ ‘1.4ಕ್ಕಿಂತ ಜಾಸ್ತಿ’ ಅಂತಷ್ಟೇ ಇದೆ. ಇದು ನಾರ್ಮಲ್ ಹಂಚಿಕೆಯೇ, ಅಂದರೆ ಸರಾಸರಿಯ ಎರಡೂ ಕಡೆ ಗಂಟೆಯಾಕಾರದಲ್ಲಿ ಹರಡಿದೆಯೇ, ಅಂತ ನೋಡಬೇಕು.

ನಾನು ದಾವಣಗೆರೆಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಆದರೂ ಮೊದಲು ಲ್ಯಾಬ್ ವಿಷಯವನ್ನೇ ಹೇಳುತ್ತೇನೆ. ಫ್ಲೋರೈಡನ್ನು ಬಣ್ಣದ ಬದಲಾವಣೆಯಿಂದ ಅಳೆಯುವ ಸ್ಪ್ಯಾಂಡ್ಸ್ (SPADNS) ವಿಧಾನ ಅಳೆಯೋದು ಲೀಟರಿಗೆ 1.4 ಮಿಲಿಗ್ರಾಂ ತನಕ ಮಾತ್ರ. ಸ್ಯಾಂಪಲ್ ಪ್ಲಾಸ್ಟಿಕ್ ಬಾಟಲಿಯಲ್ಲಿದ್ದು 28 ದಿನ ದಾಟಿಲ್ಲವಾದರೆ, ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ಅಳೆಯಿರಿ. ಬಂದ ಅಂಕಿಯನ್ನು ಎರಡರಿಂದ ಗುಣಿಸಿ. ಕುಡಿಯುವ ನೀರಿಗೆ ಗರಿಷ್ಠ ಮಿತಿ 1.5 ಅಲ್ವಾ? ನಿಮಗೆ ಕಾಣದೇ ಹೋಗಿರೋದು ಮುಖ್ಯವಾದ 12 ಬೋರ್‌ಗಳೇ.

ನೀರು ಚೆಲ್ಲಿಬಿಟ್ಟಿದ್ದರೆ, ಆ 12ಕ್ಕೂ 1.4 ಅಂತ ತುಂಬಬೇಡಿ. ಒಂದೇ ಅಂಕಿ ಗುಡ್ಡೆ ಬಿದ್ದರೆ, ನಾರ್ಮಲ್ ಹೌದೋ ಅಲ್ಲವೋ ನೋಡೋ ಶಪಿರೊ-ವಿಲ್ಕ್ ಟೆಸ್ಟ್ ಆ ಗುಡ್ಡೆಯನ್ನೇ ಹಿಡಿದು ‘ನಾರ್ಮಲ್ ಅಲ್ಲ’ ಅನ್ನುತ್ತದೆ. ಅವನ್ನು ಬಿಟ್ಟು 28ನ್ನೇ ಪರೀಕ್ಷಿಸೋದೂ ತಪ್ಪು. ಯಾಕೆ ಅಂದರೆ, ಅಳೆದವುಗಳಲ್ಲಿ ದೊಡ್ಡದು 40ರಲ್ಲಿ 28ನೇ ಸ್ಥಾನದ್ದು. ಸ್ಥಾನವನ್ನು ಪಾಲಾಗಿ ಬದಲಿಸೋ ಸೂತ್ರ: (ಸ್ಥಾನ − 0.375) ಭಾಗಿಸು (ಒಟ್ಟು + 0.25). ಇಲ್ಲಿ (28 − 0.375) ಭಾಗಿಸು 40.25 ಅಂದರೆ 0.686, ಅದರ ಝಡ್ ಬೆಲೆ (ನಾರ್ಮಲ್ ಹಂಚಿಕೆಯಲ್ಲಿ ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ ದೂರ ಅನ್ನೋದು) ಸುಮಾರು 0.49. 12ನ್ನು ಕೈಬಿಟ್ಟರೆ ಅದೇ ಬೋರ್‌ನ ಝಡ್ 2.01 ಆಗಿಬಿಡುತ್ತದೆ! ಮಧ್ಯದಲ್ಲಿರೋ ಬೋರ್ ಸುಮ್ನೆ ತುದಿಗೆ ಹೋಗಿ ಕೂರುತ್ತದೆ.

ಹಾಗಾಗಿ ಒಟ್ಟು 40ನ್ನೇ ಇಟ್ಟುಕೊಂಡು, ಇದೇ ಸೂತ್ರದಲ್ಲಿ 1ರಿಂದ 28ನೇ ಸ್ಥಾನದವರೆಗೆ 28 ಝಡ್ ಬೆಲೆ ತೆಗೆಯಿರಿ. ಅವುಗಳ ಎದುರು ಫ್ಲೋರೈಡ್ ಅಂಕಿ ಗುರುತಿಸಿ, ಕೋರಿಲೇಶನ್ (ಚುಕ್ಕಿಗಳು ನೇರ ಗೆರೆಗೆ ಎಷ್ಟು ಹತ್ತಿರ ಅನ್ನೋ ಅಂಕಿ) ನೋಡಿ. ಗೆರೆಯ ಇಂಟರ್ಸೆಪ್ಟ್ ಸರಾಸರಿಯ ಅಂದಾಜು, ಸ್ಲೋಪ್ ಸ್ಟ್ಯಾಂಡರ್ಡ್ ಡೀವಿಯೇಶನ್‌ನ ಅಂದಾಜು. ಈ ಎರಡನ್ನೂ ಹಾಕಿ ಕಂಪ್ಯೂಟರಿನಲ್ಲಿ 40 ನಾರ್ಮಲ್ ಅಂಕಿ ಹುಟ್ಟಿಸಿ, 1.4ರ ಮೇಲಿನದನ್ನು ಮುಚ್ಚಿ, ಕೋರಿಲೇಶನ್ ತೆಗೆಯಿರಿ. ಹೀಗೆ ಕೆಲವು ಸಾವಿರ ಸಲ. ಕೋರಿಲೇಶನ್ ನಿಮ್ಮದಕ್ಕಿಂತ ಕಡಿಮೆ ಬಂದ ಸಲಗಳ ಪಾಲೇ ಪಿ-ವ್ಯಾಲ್ಯೂ; ಅದು ತೀರಾ ಚಿಕ್ಕದಾದರೆ ‘ನಾರ್ಮಲ್ ಅಲ್ಲ’ ಅಂತ. ಆರ್ (R) ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಬಳಸುವವರಾದರೆ ಎನ್ವ್‌ಸ್ಟ್ಯಾಟ್ಸ್ (EnvStats) ಪ್ಯಾಕೇಜಿನಲ್ಲಿ ಇಂಥ ಅರ್ಧ ಮುಚ್ಚಿದ ಅಂಕಿಗಳಿಗೇ ಗೋಫ್‌ಟೆಸ್ಟ್‌ಸೆನ್ಸರ್ಡ್ (gofTestCensored) ಇದೆ. ಅದು ತಾನಾಗಿ ‘ಲೆಫ್ಟ್’ (ಕೆಳಗಿನ ಅಂಕಿ ಕಾಣದ್ದು) ಅಂದುಕೊಳ್ಳುತ್ತದೆ, ನಿಮಗೆ ಕಾಣದ್ದು ಮೇಲಿನದು, ಹಾಗಾಗಿ ನೀವು ‘ರೈಟ್’ ಅಂತ ಕೊಡಬೇಕು. ಲಾಗ್ ತೆಗೆದೂ ಒಮ್ಮೆ ನೋಡಿ. ಇಂಥ ಅಂಕಿಗಳಿಗೆ ಲಾಗ್‌ನಾರ್ಮಲ್ (ಲಾಗ್ ತೆಗೆದ ಮೇಲೆ ನಾರ್ಮಲ್ ಆಗೋ ಹಂಚಿಕೆ) ಹೊಂದೋದೇ ಜಾಸ್ತಿ.

ಟೆಸ್ಟ್ ಪಾಸಾದರೂ ಅದು ಹೇಳೋದು 1.4ರ ಕೆಳಗಿನ ಭಾಗದ ಬಗ್ಗೆ ಮಾತ್ರ. ಆ ಗೆರೆಯನ್ನು ಮುಂದಕ್ಕೆ ಎಳೆದು ‘3 ದಾಟಿದ ಬೋರ್ ಶೇಕಡಾ ಇಷ್ಟು’ ಅಂತ ದಯವಿಟ್ಟು ವರದಿಯಲ್ಲಿ ಬರೆಯಬೇಡಿ. ಹಲ್ಲು, ಮೂಳೆ ಕೆಡಿಸೋ ನೀರು ಇರೋದು ಆ ಕಾಣದ ಭಾಗದಲ್ಲೇ.

ಇನ್ನೊಂದು ವಿಷಯ. ಗ್ರಾನೈಟ್ ನೆಲದ ಬೋರ್‌ಗಳನ್ನೂ ಚಿತ್ರದುರ್ಗದ ಶಿಸ್ಟ್ (ಪದರ ಪದರವಾದ ಕಲ್ಲು) ಪಟ್ಟಿಯ ಬೋರ್‌ಗಳನ್ನೂ ಒಟ್ಟಿಗೆ ಸೇರಿಸಿದ್ದೀರಾ? ಹಾಗಿದ್ದರೆ ಎರಡು ಗುಂಪು ಬೆರೆತು ಟೆಸ್ಟ್ ಫೇಲ್ ಆಗಬಹುದು. ಆ 12 ಯಾವ ಕಲ್ಲಿನ ಮೇಲಿವೆ ಅಂತ ಮೊದಲು ಗುರುತು ಹಾಕಿಕೊಳ್ಳಿ.