ಆ ಮಾತು ಹೆನ್ರಿಯದ್ದೇನಾ?

ಹಾಸನದ ಮೇಷ್ಟ್ರೇ, ನಮಸ್ಕಾರ.

ಹೋದ ಸಂಚಿಕೆಯಲ್ಲಿ ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಪ್ಯಾಟ್ರಿಕ್ ಹೆನ್ರಿಯ ‘ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ’ ಎಂಬ ಮಾತನ್ನು ದಪ್ಪಕ್ಷರದಲ್ಲಿ ಹಾಕಿದ್ದೆವು. ಭಾಷಣ ಸ್ಪರ್ಧೆಗೆ ಮಕ್ಕಳಿಗೆ ಅದನ್ನು ಕಲಿಸಿದ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಆತ ನಿಜಕ್ಕೂ ಹಾಗೆ ಹೇಳಿದನೇ? ಗುಲಾಮರನ್ನು ಇಟ್ಟುಕೊಂಡವನ ಬಾಯಲ್ಲಿ ಆ ಮಾತು ಬಂದದ್ದು ಹೇಗೆ?

1775ರ ಮಾರ್ಚ್ 23ರಂದು ರಿಚ್ಮಂಡ್‌ನ ಚರ್ಚೊಂದರಲ್ಲಿ ಆತ ಮಾತಾಡಿದ್ದು ನಿಜ. ಆಗ ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾ ತನ್ನ ರಕ್ಷಣೆಗೆ ತಾನೇ ಪಡೆ ಕಟ್ಟಬೇಕು ಎಂದ, ಸಭೆ ಒಪ್ಪಿತು. ಆದರೆ ಆ ಭಾಷಣವನ್ನು ಆವತ್ತು ಯಾರೂ ಪೂರ್ತಿ ಬರೆದುಕೊಳ್ಳಲಿಲ್ಲ. ನಾವು ಓದುವುದು ವಿಲಿಯಂ ವರ್ಟ್ ಎಂಬ ವಕೀಲ 1817ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ಇರುವುದನ್ನು. ಭಾಷಣದ ದಿನ ವರ್ಟ್‌ಗೆ ಎರಡು ವರ್ಷ! ಕೇಳಿದ್ದವರು ಎಷ್ಟೋ ವರ್ಷದ ಮೇಲೆ ನೆನಪಿಸಿಕೊಂಡದ್ದನ್ನು ಕೂಡಿಸಿ ಬರೆದ. ಕೊನೆಯ ಆ ಸಾಲು ಹೆನ್ರಿಯದ್ದೇ ಇರಬಹುದು, ಅದನ್ನು ಕೇಳಿದವರು ಮರೆಯುವುದು ಕಷ್ಟ. ಪೂರ್ತಿ ಭಾಷಣ ಆತನದ್ದೇ ಎನ್ನಲು ನನಗೆ ಧೈರ್ಯವಿಲ್ಲ. ಹಾಗೆಂದು ನಾವು ಅಲ್ಲೇ ಬರೆಯಬೇಕಿತ್ತು. ತಪ್ಪು ನಮ್ಮದು.

ನನಗೆ ಆ ಭಾಷಣಕ್ಕಿಂತ 1763ರ ಮೊಕದ್ದಮೆ ಜಾಸ್ತಿ ಇಷ್ಟ. ಎರಡು ಸಲ ಅಂಗಡಿ ಇಟ್ಟು ಮುಳುಗಿಸಿ, ಬೇಸಾಯದಲ್ಲೂ ಕೈ ಸುಟ್ಟುಕೊಂಡು, ಮಾವನ ಹೋಟೆಲಿನಲ್ಲಿ ಗಿರಾಕಿಗಳನ್ನು ನೋಡಿಕೊಂಡಿದ್ದ ಹೆನ್ರಿ ಆಗ ವಕೀಲನಾಗಿ ಮೂರೇ ವರ್ಷ. ವರ್ಜೀನಿಯಾದಲ್ಲಿ ಪಾದ್ರಿಗಳ ಸಂಬಳ ಹೊಗೆಸೊಪ್ಪು, ವರ್ಷಕ್ಕೆ 16,000 ಪೌಂಡ್ ತೂಕದಷ್ಟು. ಬೆಳೆ ಕೈಕೊಟ್ಟು ಬೆಲೆ ಏರಿದಾಗ, ಪೌಂಡಿಗೆ ಎರಡು ಪೆನ್ನಿಯಂತೆ ದುಡ್ಡು ಕೊಟ್ಟರೆ ಸಾಕು ಎಂದು ಅಲ್ಲಿನ ಶಾಸನಸಭೆ ಕಾನೂನು ಮಾಡಿತು. ಬ್ರಿಟನ್ನಿನ ದೊರೆ ಅದನ್ನು ತಳ್ಳಿಹಾಕಿದ. ಜೇಮ್ಸ್ ಮೋರಿ ಎಂಬ ಪಾದ್ರಿ ಬಾಕಿ ಹಣಕ್ಕೆ ದಾವೆ ಹೂಡಿದರು. ತೀರ್ಪು ಆಗಲೇ ಅವರ ಕಡೆ ಬಂದಿತ್ತು. ಎಷ್ಟು ಕೊಡಬೇಕು ಅನ್ನುವುದಷ್ಟೇ ಉಳಿದಿತ್ತು. ಎದುರುವಾದಿಗಳ ವಕೀಲ ಹೆನ್ರಿ ಎದ್ದು, ಜನರಿಗೆ ಬೇಕಾದ ಕಾನೂನನ್ನು ಅಳಿಸುವ ದೊರೆಗೆ ಜನ ತಲೆಬಾಗಬೇಕಿಲ್ಲ ಎಂದುಬಿಟ್ಟ. ಕೋರ್ಟಿನಲ್ಲಿ ‘ರಾಜದ್ರೋಹ’ ಎಂಬ ಗುಲ್ಲೆದ್ದಿತು. ಜೂರಿ ಪಾದ್ರಿಗೆ ಕೊಡಿಸಿದ್ದು ಒಂದೇ ಒಂದು ಪೆನ್ನಿ. ನ್ಯಾಯಪೀಠದಲ್ಲಿ ಕೂತಿದ್ದವನು ಹೆನ್ರಿಯ ಅಪ್ಪ!

ಆಮೇಲೆ 1765ರಲ್ಲಿ ಕಾಗದಪತ್ರಗಳ ಮೇಲೆ ಬ್ರಿಟನ್ ಹೇರಿದ ಸ್ಟಾಂಪ್ ತೆರಿಗೆಯ ವಿರುದ್ಧ ನಿರ್ಣಯ, 1776ರಲ್ಲಿ ಸ್ವತಂತ್ರ ವರ್ಜೀನಿಯಾದ ಮೊದಲ ಗವರ್ನರ್ ಹುದ್ದೆ. 1788ರಲ್ಲಿ ಅಮೆರಿಕದ ಹೊಸ ಸಂವಿಧಾನವನ್ನೂ ವಿರೋಧಿಸಿದ. ಪ್ರಜೆಯ ಹಕ್ಕುಗಳು ಅದರಲ್ಲಿ ಎಲ್ಲಿವೆ ಎಂಬುದು ಆತನ ತಕರಾರು. ವರ್ಜೀನಿಯಾದ ಸಭೆಯಲ್ಲಿ 79ಕ್ಕೆ 89 ಮತಗಳಿಂದ ಸೋತ. ಆದರೂ ಅಂಥವರ ಒತ್ತಡಕ್ಕೆ 1791ರಲ್ಲಿ ಹಕ್ಕುಗಳ ಪಟ್ಟಿ ಸೇರಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅದಕ್ಕೆ ಆತನೇ ಉತ್ತರ ಬರೆದಿಟ್ಟಿದ್ದಾನೆ. 1773ರಲ್ಲಿ ಗುಲಾಮಗಿರಿಯ ವಿರುದ್ಧವಿದ್ದ ರಾಬರ್ಟ್ ಪ್ಲೆಸೆಂಟ್ಸ್ ಎಂಬಾತನಿಗೆ ಬರೆದ ಪತ್ರದಲ್ಲಿ, ಈ ಪದ್ಧತಿ ತಪ್ಪು, ಆದರೆ ಗುಲಾಮರಿಲ್ಲದೆ ಇಲ್ಲಿ ಬದುಕುವುದು ಅನನುಕೂಲ, ಅದಕ್ಕೇ ಇಟ್ಟುಕೊಂಡಿದ್ದೇನೆ, ಸಮರ್ಥಿಸಿಕೊಳ್ಳಲಾರೆ ಎಂದಿದ್ದಾನೆ. ಗೊತ್ತಿದ್ದೇ ಮಾಡಿದ, ಅಲ್ವಾ? 1799ರಲ್ಲಿ ತೀರಿಕೊಂಡಾಗ ಆತನ ಬಳಿ 60ಕ್ಕೂ ಹೆಚ್ಚು ಗುಲಾಮರಿದ್ದರು. ಹೆಂಡತಿ ಇಷ್ಟಪಟ್ಟರೆ ಬಿಡುಗಡೆ ಮಾಡಬಹುದು ಎಂದು ಉಯಿಲಿನಲ್ಲಿ ಬರೆದಿದ್ದ. ಎಲ್ಲರನ್ನಲ್ಲ, ಒಬ್ಬಿಬ್ಬರನ್ನು.

– ಸಂಪಾದಕ