ರೇಡಿಯೊ ಅಗ್ಗ, ಪುರಾವೆ ದುಬಾರಿ

2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹ್ಯಾಮ್ ರೇಡಿಯೊ (ಪರವಾನಗಿ ಪಡೆದ ಹವ್ಯಾಸಿಗಳ, ಅಂದರೆ ಹ್ಯಾಮ್‌ಗಳ, ರೇಡಿಯೊ) ಮೂಲಕ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ವಿದ್ಯಾರ್ಥಿಗಳ ಜೊತೆ ಮಾತನಾಡಿದರು. ಆ ಮೇಲೆ ಕರಾವಳಿಯಿಂದ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಕಾಣಿಸುತ್ತಿದೆ. ಆ ಕೇಂದ್ರಕ್ಕೆ ಹೆಸರು ಕೊಟ್ಟ ವಿಜ್ಞಾನಿ ರಾವ್ ನಮ್ಮ ಉಡುಪಿ ಬಳಿಯ ಅದಮಾರಿನವರು ಎಂಬ ಅಭಿಮಾನ ನನಗೂ ಇದೆ. ಆದರೆ ಅದೇ ಅಭಿಮಾನವನ್ನು ಮುಂದಿಟ್ಟು ಹಣ ಎತ್ತಲು ಹೊರಟವರಿದ್ದಾರೆ. ಆದ್ದರಿಂದ ಈ ಸಲ ಆ ಪ್ರಶ್ನೆಗೇ ಹೆಚ್ಚು ಜಾಗ.

ಕೆಲವು ಸಾವಿರ ರೂಪಾಯಿಗೆ ಹ್ಯಾಮ್ ಸೆಟ್ ಸಿಗುತ್ತದೆ. ಬಾಹ್ಯಾಕಾಶ ನಿಲ್ದಾಣಕ್ಕೆ ಅದನ್ನೇ ಕಳುಹಿಸಲು ವರ್ಷಗಟ್ಟಲೆ ಸಮಯ, ಅಷ್ಟೊಂದು ಹಣ ಏಕೆ? ನಮ್ಮ ಕಾಲೇಜು ತಂಡ ಅಗ್ಗವಾಗಿ ತಯಾರಿಸಬಲ್ಲದು, ದಾನಿಗಳೂ ಸಿದ್ಧರಿದ್ದಾರೆ. — ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ರೇಡಿಯೊದ ಬೆಲೆ ಈ ಲೆಕ್ಕದಲ್ಲಿ ತೀರಾ ಚಿಕ್ಕ ಬಾಬ್ತು. ಹಣ ಖರ್ಚಾಗುವುದು ಆ ರೇಡಿಯೊ ಯಾರ ಜೀವಕ್ಕೂ ಕುತ್ತು ತರುವುದಿಲ್ಲ ಎಂದು ಸಾಬೀತುಪಡಿಸಲು.

ನಿಲ್ದಾಣದಲ್ಲಿ ಈಗಿರುವ ಉಪಕರಣವನ್ನೇ ನೋಡಿ. ಅರಿಸ್ ಎಂಬ ಅಂತರರಾಷ್ಟ್ರೀಯ ಸ್ವಯಂಸೇವಕ ಸಂಘಟನೆ ಅದನ್ನು ಸಿದ್ಧಪಡಿಸಲು ಸುಮಾರು ಐದು ವರ್ಷ ದುಡಿಯಿತು. ಅದು 2020ರ ಮಾರ್ಚ್‌ನಲ್ಲಿ ಸರಕು ನೌಕೆಯಲ್ಲಿ ಹೊರಟು, ಸೆಪ್ಟೆಂಬರ್‌ನಲ್ಲಿ ನಿಲ್ದಾಣದ ಯುರೋಪಿಯನ್ ಪ್ರಯೋಗಾಲಯವಾದ ಕೊಲಂಬಸ್ ಘಟಕದಲ್ಲಿ ಕೆಲಸ ಆರಂಭಿಸಿತು. ಒಳಗಿರುವುದು ಕೆನ್‌ವುಡ್ ಕಂಪನಿಯ ಡಿ-710 ಸೆಟ್. ಭೂಮಿಯ ಮೇಲೆ ಹ್ಯಾಮ್‌ಗಳು ಕಾರಿನಲ್ಲಿ ಇಟ್ಟುಕೊಳ್ಳುವಂಥದ್ದೇ. ಆದರೂ ಅದನ್ನು ಹಾಗೆಯೇ ಮೇಲೆ ಕಳುಹಿಸಲಿಲ್ಲ. ಫರ್ಮ್‌ವೇರ್ (ಸೆಟ್ಟಿನೊಳಗಿನ ತಂತ್ರಾಂಶ) ಬದಲಾಯಿಸಿದರು, ಪ್ರಸಾರದ ಶಕ್ತಿಗೆ ಮಿತಿ ಹಾಕಿದರು, ಫ್ಯಾನ್ ಸೇರಿಸಿದರು.

ಫ್ಯಾನ್ ಏಕೆ ಎಂದು ನಿಮ್ಮ ತಂಡ ಒಮ್ಮೆಯಾದರೂ ಕೇಳಿಕೊಂಡಿದೆಯೇ? ಗಂಜಿ ಪಾತ್ರೆಯ ಆವಿ ಮೇಲೇಳುವಂತೆ ಇಲ್ಲಿ ಬಿಸಿ ಗಾಳಿಯೂ ತಾನಾಗಿ ಮೇಲೇರುತ್ತದೆ, ತಂಪು ಗಾಳಿ ಆ ಜಾಗಕ್ಕೆ ಬರುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಮೇಲೆ-ಕೆಳಗೆ ಎಂಬುದೇ ಇಲ್ಲ. ಬಿಸಿ ಗಾಳಿ ಟ್ರಾನ್ಸಿಸ್ಟರ್ ಸುತ್ತಲೇ ನಿಂತು ಅದನ್ನು ಸುಡುತ್ತದೆ. ನಿಮ್ಮ ಪ್ರಯೋಗಾಲಯದ ಮೇಜಿನ ಮೇಲೆ ದಿನವಿಡೀ ಸರಿಯಾಗಿ ನಡೆದ ಸೆಟ್ ಅಲ್ಲಿ ಕೆಡಬಹುದು.

ಇನ್ನು ವಿದ್ಯುತ್. ನಿಲ್ದಾಣದ ಅಮೆರಿಕನ್ ಭಾಗದಲ್ಲೂ ಕೊಲಂಬಸ್‌ನಲ್ಲೂ 120 ವೋಲ್ಟ್ ನೇರ ವಿದ್ಯುತ್ ಇದ್ದರೆ, ರಷ್ಯನ್ ಭಾಗದಲ್ಲಿ ಇರುವುದು 28 ವೋಲ್ಟ್. ಕಾರಿನ ರೇಡಿಯೊಗೆ ಬೇಕಾದದ್ದು ಹದಿಮೂರು ಚಿಲ್ಲರೆ. ಹಾಗಾಗಿ ಎರಡೂ ಕಡೆ ಹೊಂದುವ ಪವರ್ ಸಪ್ಲೈಯನ್ನು ಅರಿಸ್ ತಾನೇ ವಿನ್ಯಾಸಗೊಳಿಸಬೇಕಾಯಿತು. ನನ್ನ ಅಭಿಪ್ರಾಯದಲ್ಲಿ ಅಲ್ಲಿ ರೇಡಿಯೊಗಿಂತ ಕಷ್ಟದ ಕೆಲಸ ಅದೇ. ಆದರೆ ಪತ್ರ ಬರೆಯುವ ಒಬ್ಬರೂ ಪವರ್ ಸಪ್ಲೈ ಮಾಡುತ್ತೇವೆ ಎನ್ನುವುದಿಲ್ಲ, ಎಲ್ಲರಿಗೂ ಮೈಕ್ ಇರುವ ಪೆಟ್ಟಿಗೆಯೇ ಬೇಕು.

ಆ ಮೇಲೆ ಪರೀಕ್ಷೆಗಳು. ಪ್ಲಾಸ್ಟಿಕ್, ಅಂಟು, ಬಣ್ಣ ಯಾವ ಅನಿಲ ಬಿಡುತ್ತವೆ? ಕಿಟಕಿ ತೆರೆಯಲಾಗದ ಮನೆಯಲ್ಲಿ ಜನ ತಿಂಗಳುಗಟ್ಟಲೆ ಅದೇ ಗಾಳಿ ಉಸಿರಾಡುತ್ತಾರೆ. ಬೆಂಕಿ ತಗುಲಿದರೆ ಎಷ್ಟು ಬೇಗ ಹರಡುತ್ತದೆ? ರಾಕೆಟ್ಟಿನ ಕಂಪನಕ್ಕೆ ಬೆಸುಗೆ ನಿಲ್ಲುತ್ತದೆಯೇ? ನಿಲ್ದಾಣದ ಇತರ ಉಪಕರಣಗಳಿಗೆ ವಿದ್ಯುತ್ಕಾಂತೀಯ ತೊಂದರೆ ಕೊಡುತ್ತದೆಯೇ? ಗಗನಯಾತ್ರಿ ಹೊರಗೆ ನಡೆದಾಡುವಾಗ, ನೌಕೆ ಬಂದು ಸೇರುವಾಗ ಹ್ಯಾಮ್ ರೇಡಿಯೊವನ್ನು ಆಫ್ ಮಾಡುವ ಪದ್ಧತಿ ಇದೆ. ಆ ಸಮಯದಲ್ಲಿ ಅದು ತಾನಾಗಿ ಪ್ರಸಾರ ಮಾಡುವುದಿಲ್ಲ ಎಂಬುದಕ್ಕೆ ಪುರಾವೆ ಏನು? ಪ್ರತಿ ಪ್ರಶ್ನೆಗೂ ದಾಖಲೆ, ಸುರಕ್ಷತಾ ಪರಿಶೀಲನೆ. ಮೇಲಾಗಿ ಒಂದೇ ಸೆಟ್ ಮಾಡಿದರೆ ಆಗುವುದಿಲ್ಲ. ಹಾರಾಟಕ್ಕೆ, ಬದಲಿಗೆ, ತರಬೇತಿಗೆ, ಪರೀಕ್ಷೆಗೆ ಬೇರೆ ಬೇರೆ ಬೇಕು.

1983ರಲ್ಲಿ ಗಗನಯಾತ್ರಿ ಓವನ್ ಗ್ಯಾರಿಯಟ್ ಕೊಲಂಬಿಯಾ ನೌಕೆಯಿಂದ ಕೈಸೆಟ್ಟಿನಲ್ಲೇ ಮಾತನಾಡಿದರಲ್ಲ ಎಂದು ವಾದಿಸಬೇಡಿ. ಬಾಹ್ಯಾಕಾಶದಿಂದ ನಡೆದ ಆ ಮೊದಲ ಹ್ಯಾಮ್ ಸಂಪರ್ಕದ ಸೆಟ್ ಕೂಡ ನಾಸಾದ ಒಪ್ಪಿಗೆ ಪಡೆದೇ ಹೋಗಿತ್ತು.

ಹಣದ ವಿಷಯ. ಬಾಹ್ಯಾಕಾಶ ಸಂಸ್ಥೆಗಳು ರಾಕೆಟ್ಟಿನಲ್ಲಿ ಜಾಗ ಮತ್ತು ಗಗನಯಾತ್ರಿಗಳ ಸಮಯ ಕೊಡುತ್ತವೆ. ಉಪಕರಣದ ಕೆಲಸದಲ್ಲಿ ಸ್ವಯಂಸೇವಕರ ದುಡಿಮೆ, ಹ್ಯಾಮ್ ಸಂಘಗಳ ನೆರವು, ಜನರ ದೇಣಿಗೆಯ ಪಾಲು ದೊಡ್ಡದು. ಹ್ಯಾಮ್‌ಗಳಿಗೆ ಮೀಸಲಾಗಿದ್ದ ಇಂಟರ್ನೆಟ್ ವಿಳಾಸಗಳ ಒಂದು ಭಾಗವನ್ನು 2019ರಲ್ಲಿ ಮಾರಿ ನಿಧಿ ಕಟ್ಟಿದ ಎ.ಆರ್.ಡಿ.ಸಿ. ಎಂಬ ಅಮೆರಿಕದ ಪ್ರತಿಷ್ಠಾನವಿದೆ. ಅರಿಸ್‌ನ ಅಮೆರಿಕ ಶಾಖೆಗೆ ಅದರಿಂದ ಅನುದಾನ ಸಿಕ್ಕಿದೆ. ನಿಮ್ಮ ಟ್ರಸ್ಟ್ ಕೂಡ ಅಲ್ಲಿಂದ ಹಣ ತರಬಹುದು ಎಂದು ಯಾರಾದರೂ ಹೇಳಿದರೆ, ಮೊದಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಇದೆಯೇ ಎಂದು ಕೇಳಿ. ಅದಿಲ್ಲದೆ ಒಂದು ಡಾಲರ್ ಪಡೆದರೂ ಅಪರಾಧ.

ಹಾಗಾದರೆ ಏನೂ ಮಾಡಬಾರದೇ? ಚಿಕ್ಕದನ್ನು ಮಾಡಿ, ಪೂರ್ತಿ ಮಾಡಿ. 2005ರ ಮೇ 5ರಂದು ಇಸ್ರೊ ಹಾರಿಸಿದ ಹ್ಯಾಮ್‌ಸ್ಯಾಟ್ ಎಂಬ ಹ್ಯಾಮ್ ಉಪಗ್ರಹದಲ್ಲಿ ಎರಡು ಟ್ರಾನ್ಸ್‌ಪಾಂಡರ್‌ಗಳು (ಸಿಗ್ನಲ್ ಪಡೆದು ಮರಳಿ ಪ್ರಸಾರ ಮಾಡುವ ಸಾಧನಗಳು) ಇದ್ದವು. ಒಂದು ಭಾರತದ್ದು, ಇನ್ನೊಂದು ನೆದರ್‌ಲೆಂಡ್ಸ್‌ನ ಒಬ್ಬ ವಿದ್ಯಾರ್ಥಿಯದು. ಆ ಹುಡುಗ ಇಡೀ ಉಪಗ್ರಹ ಕಟ್ಟಲು ಹೊರಡಲಿಲ್ಲ. ಒಂದು ಭಾಗವನ್ನು ಪರೀಕ್ಷೆಗೆ ನಿಲ್ಲುವಂತೆ ಕಟ್ಟಿದ, 2014ರವರೆಗೆ ಆ ಉಪಗ್ರಹ ದುಡಿಯಿತು. ನೀವು ಒಂದು ಪವರ್ ಸಪ್ಲೈ ಕಟ್ಟಿ, ಅದರ ಶಾಖ ಪರೀಕ್ಷೆಯ ವರದಿಯನ್ನು ಅಪರಿಚಿತ ಇಂಜಿನಿಯರ್ ಓದಿ ಒಪ್ಪುವಂತೆ ಬರೆಯಿರಿ. ಅಲ್ಲಿಯವರೆಗೆ ದಾನಿಗಳ ಬಳಿ ಹೋಗಬೇಡಿ.

ದಾನ ಕೊಟ್ಟ ಚಿನ್ನದಂಗಡಿಯ ಹೆಸರನ್ನು ಗಗನಯಾತ್ರಿ ರೇಡಿಯೊದಲ್ಲಿ ಹೇಳಬಹುದೇ? — ಉಡುಪಿ

ಇಲ್ಲ. ಹ್ಯಾಮ್ ತರಂಗಗಳಲ್ಲಿ ವ್ಯಾಪಾರ ನಿಷಿದ್ಧ. ಯಕ್ಷಗಾನದ ಆಟಕ್ಕೆ ಪ್ರಾಯೋಜಕರ ಹೆಸರು ಕೂಗುವ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ಗಗನಯಾತ್ರಿಯ ಜೊತೆ ಮಾತನಾಡಿಸುತ್ತೇವೆ ಎಂದು ಒಬ್ಬರು ನಮ್ಮ ಶಾಲೆಯಿಂದ ಮುಂಗಡ ಕೇಳುತ್ತಿದ್ದಾರೆ. — ಮುಖ್ಯೋಪಾಧ್ಯಾಯರು, ಕುಂದಾಪುರ

ಒಂದು ಪೈಸೆ ಕೊಡಬೇಡಿ. ಶಾಲಾ ಸಂಪರ್ಕಕ್ಕೆ ಅರಿಸ್ ಶುಲ್ಕ ಪಡೆಯುವುದಿಲ್ಲ, ಅರ್ಜಿಯನ್ನು ಶಾಲೆಯೇ ಹಾಕಬಹುದು. ನಿಮ್ಮಲ್ಲಿ ಆಂಟೆನಾ ಇಲ್ಲದಿದ್ದರೂ ಬೇರೆ ದೇಶದ ನೆಲಕೇಂದ್ರದ ಮೂಲಕ ದೂರವಾಣಿಯಲ್ಲಿ ಮಕ್ಕಳ ಧ್ವನಿ ತಲುಪಿಸುವ ವ್ಯವಸ್ಥೆ ಇದೆ. ಮಕ್ಕಳ ಕನಸಿನ ಮೇಲೆ ದಂಧೆ ನಡೆಸುವ ಇಂಥವರ ಹೆಸರನ್ನು ಪೊಲೀಸರಿಗೆ ಕೊಡಿ.

ಮಳೆಗಾಲದಲ್ಲಿ ನಿಲ್ದಾಣದ ಸಿಗ್ನಲ್ ಬರುವುದಿಲ್ಲವಂತೆ, ಹೌದೇ? — ಮೂಡುಬಿದಿರೆ

ಸುಳ್ಳು. ನಿಲ್ದಾಣದ ಹ್ಯಾಮ್ ಧ್ವನಿ ಬರುವ 145.800 ಮೆಗಾಹರ್ಟ್ಸ್‌ಗೆ ಮಳೆ ಲೆಕ್ಕಕ್ಕಿಲ್ಲ. ಸಿಡಿಲು ಮಾತ್ರ ಲೆಕ್ಕಕ್ಕಿದೆ: ಗುಡುಗು-ಸಿಡಿಲು ಬರುವ ಮೊದಲೇ ಆಂಟೆನಾ ಕೇಬಲ್ ಕಳಚಿ, ಮನೆಯ ಹೊರಗಿಡಿ; ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಬೇಡಿ.

ದೊಡ್ಡ ಡಿಶ್ ಬೇಕೇ? — ಮಲ್ಪೆ

ಬೇಡ. ಕೈಯಲ್ಲಿ ಹಿಡಿಯುವ ಯಾಗಿ (ಹಳೆಯ ಟಿವಿ ಆಂಟೆನಾದಂಥ ಕಡ್ಡಿಗಳ ಆಂಟೆನಾ) ಸಾಕು. ನಿಲ್ದಾಣ ಸುಮಾರು ಹತ್ತು ನಿಮಿಷದಲ್ಲಿ ದಾಟಿಹೋಗುತ್ತದೆ. ನಿಮಗೆ ಪಶ್ಚಿಮದಲ್ಲಿ ಅಡ್ಡಿಯಿಲ್ಲದ ಸಮುದ್ರವಿದೆ, ಪೂರ್ವದ ದಿಗಂತವನ್ನು ಘಟ್ಟ ತಿನ್ನುತ್ತದೆ. ಆದ್ದರಿಂದ ಪಶ್ಚಿಮದ ಆಕಾಶದಲ್ಲೇ ಹೆಚ್ಚು ಹೊತ್ತು ಸಾಗುವ ಪಥಗಳನ್ನು ಆರಿಸಿಕೊಳ್ಳಿ. ಕಡಲ ಉಪ್ಪು ಗಾಳಿ ಕನೆಕ್ಟರ್‌ಗಳನ್ನು ಬೇಗ ತಿನ್ನುವುದರಿಂದ ಪ್ರತಿ ಜೋಡಣೆಗೂ ನೀರು ಹೋಗದ ರಬ್ಬರ್ ಟೇಪ್ ಸುತ್ತಿ. ಮೈಕ್ ಒತ್ತುವ ಮುನ್ನ ಪರವಾನಗಿ ಪಡೆಯಿರಿ. 12 ವರ್ಷ ತುಂಬಿದವರೆಲ್ಲ ಅದರ ಪರೀಕ್ಷೆ ಬರೆಯಬಹುದು.