ಹೊಸ ಎಂಜಿನ್ ಮತ್ತು ಸ್ಪೀಡೋಮೀಟರ್

ಪ್ರಶ್ನೆ: ಹೊಸದಾಗಿ 350 ಸಿಸಿಯ ಬೈಕ್ ಕೊಂಡಿದ್ದೇನೆ. ಮೊದಲ ಸಾವಿರ ಕಿಲೋಮೀಟರ್ ಮುಗಿಯುವವರೆಗೆ ಐವತ್ತರ ಮೇಲೆ ಹೋಗಲೇಬೇಡಿ ಎಂದು ಷೋರೂಮಿನವರು ಹೇಳಿದ್ದಾರೆ. ಮೊದಲ ದಿನದಿಂದಲೇ ಎಳೆದು ಓಡಿಸಿದರೆ ಮಾತ್ರ ಎಂಜಿನ್ ಫ್ರೀ ಆಗುತ್ತದೆ ಎಂಬುದು ನಮ್ಮ ಮೆಕ್ಯಾನಿಕ್ ವಾದ. ಯಾರ ಮಾತು ಕೇಳಲಿ? ಇದರಲ್ಲೇ ಬೆಂಗಳೂರಿಗೆ ಹೋಗಿಬರಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಇಬ್ಬರೂ ಸ್ಪೀಡೋಮೀಟರ್ ನೋಡಿಕೊಂಡು ಮಾತನಾಡುತ್ತಿದ್ದಾರೆ. ಹೊಸ ಎಂಜಿನ್ನಿನ ಮಟ್ಟಿಗೆ ವೇಗಕ್ಕಿಂತ ಮುಖ್ಯವಾದದ್ದು ಅದರ ಮೇಲೆ ಬೀಳುವ ಭಾರ. ಘಾಟಿಯ ಏರಿನಲ್ಲಿ ಟಾಪ್ ಗೇರಿನಲ್ಲೇ ನಲವತ್ತರಲ್ಲಿ ಗುದ್ದಾಡಿಸುವುದಕ್ಕಿಂತ, ಗೇರ್ ಇಳಿಸಿ ಅದೇ ನಲವತ್ತರಲ್ಲಿ ಹಗುರವಾಗಿ ಹತ್ತಿಸುವುದು ಎಷ್ಟೋ ಮೇಲು.

ಸಿಲಿಂಡರಿನ ಒಳಗೋಡೆಯಲ್ಲಿ ಆಯಿಲ್ ನಿಲ್ಲಲೆಂದು ಕಾರ್ಖಾನೆಯಲ್ಲಿ ಹೋನಿಂಗ್ ಮಾಡಿ, ಒಂದನ್ನೊಂದು ಅಡ್ಡಹಾಯುವ ಸೂಕ್ಷ್ಮ ಗೀರುಗಳನ್ನು ಬಿಟ್ಟಿರುತ್ತಾರೆ. ಪಿಸ್ಟನ್ನಿನ ಸುತ್ತ ಬಳೆಯಂತೆ ಕೂರುವ ಲೋಹದ ರಿಂಗುಗಳು ಆ ಗೀರುಗಳ ಚೂಪನ್ನು ಸವೆಸಿ ಗೋಡೆಗೆ ಹೊಂದಿ ಕೂರಬೇಕು. ಹಾಗೆ ಕೂರಲು ರಿಂಗಿನ ಬಿಗಿ ಒಂದೇ ಸಾಲದು. ಪೆಟ್ರೋಲ್ ಉರಿದಾಗ ರಿಂಗಿನ ಹಿಂಬದಿಗೆ ನುಗ್ಗುವ ಅನಿಲದ ಒತ್ತಡವೂ ಬೇಕು. ತಿಂಗಳುಗಟ್ಟಲೆ ತೀರಾ ನಾಜೂಕಾಗಿ ಓಡಿಸಿದರೆ ಒತ್ತಡ ಸಾಲದೆ, ಗೀರುಗಳ ಮೇಲೆ ಸುಟ್ಟ ಆಯಿಲಿನ ಹೊಳಪು ಪದರ ಕಟ್ಟಿ, ಎಂಜಿನ್ ಆಯಿಲ್ ಕುಡಿಯತೊಡಗಬಹುದು. ನಿಮ್ಮ ಮೆಕ್ಯಾನಿಕ್ ಮಾತಿಗೆ ಇದೇ ಆಧಾರ. ಆದರೆ ಇನ್ನೂ ಹೊಂದಿಕೊಳ್ಳದ ಭಾಗಗಳು ಹೆಚ್ಚು ಉಜ್ಜಿ ಹೆಚ್ಚು ಕಾಯುವುದರಿಂದ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿಯುವುದೂ ತಪ್ಪೇ.

ಆದ್ದರಿಂದ ಸ್ಟಾರ್ಟ್ ಮಾಡಿದ ಮೇಲೆ ಒಂದೆರಡು ಕಿಲೋಮೀಟರ್ ಮೆಲ್ಲಗೆ ಸಾಗಿ, ಎಂಜಿನ್ ಬಿಸಿಯಾದ ಬಳಿಕ ಅರ್ಧ ಆಕ್ಸಿಲರೇಟರಿನವರೆಗೆ ಏರಿಸುತ್ತಾ ಇಳಿಸುತ್ತಾ ಓಡಿಸಿ. ಕಿಲೋಮೀಟರ್ ಹೆಚ್ಚಿದಂತೆ ಮಿತಿಯನ್ನೂ ಹೆಚ್ಚಿಸಿ. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಮಿತಿ ನಮೂದಾಗಿದ್ದರೆ, ಷೋರೂಮಿನ ಬಾಯಿಮಾತಿಗಿಂತ ಅದೇ ಪ್ರಮಾಣ. ಬೆಂಗಳೂರು ಸುಮಾರು 220 ಕಿಲೋಮೀಟರ್ ದೂರವಿದೆ. ನೇರವಾದ ಹೆದ್ದಾರಿಯಲ್ಲಿ ಒಂದೇ ವೇಗಕ್ಕೆ ಕೈ ಕಟ್ಟಿಕೊಂಡಂತೆ ಹೋಗುವುದೇ ಅಲ್ಲಿನ ತೊಂದರೆ. ಮೊದಲ ಸರ್ವೀಸ್ ಮುಗಿಸಿ ಹೊರಡುವುದು ಉತ್ತಮ. ಹೋಗಲೇಬೇಕಾದರೆ ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಕಾಫಿಗೆ ನಿಲ್ಲಿಸಿ, ಎಂಜಿನ್ನಿಗೂ ಬಿಡುವು ಕೊಡಿ.

ಮೊದಲ ಸರ್ವೀಸನ್ನು ಮಾತ್ರ ಮುಂದೂಡಬೇಡಿ; ಅನೇಕ ಬೈಕುಗಳಿಗೆ ಅದು 500 ಕಿಲೋಮೀಟರಿನ ಆಸುಪಾಸಿನಲ್ಲೇ ಬರುತ್ತದೆ. ಆಯಿಲ್ ಇಳಿಸುವಾಗ ಎದುರಿಗೇ ನಿಂತು, ಅದನ್ನು ಬಿಸಿಲಿಗೆ ಹಿಡಿದು ನೋಡಿ. ಬೆಳ್ಳಿಪುಡಿ ಕದಡಿದಂತೆ ಸಣ್ಣಗೆ ಮಿನುಗಿದರೆ ಅದು ಸಹಜವಾದ ಸವೆತ. ಉಗುರಿಗೆ ಸಿಗುವಷ್ಟು ದೊಡ್ಡ ಚೂರುಗಳು ಕಂಡರೆ ಗಾಡಿಯನ್ನು ಅಲ್ಲೇ ಬಿಟ್ಟು ಕಾರಣ ಕೇಳಿ. ಹೊಸ ಆಯಿಲ್ ಪುಸ್ತಕದಲ್ಲಿ ಹೇಳಿದ ಗ್ರೇಡಿನದೇ ಆಗಿರಲಿ. ಗೇರ್, ಕ್ಲಚ್ ಎರಡೂ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಂಭವವಿದೆ. ಅಂದಹಾಗೆ ಹೊಸ ಟೈರುಗಳೂ ಆರಂಭದಲ್ಲಿ ಜಾರುತ್ತವೆ. ಘಾಟಿಯ ತಿರುವುಗಳಲ್ಲಿ, ಅದರಲ್ಲೂ ಮಳೆಯಲ್ಲಿ, ಬೈಕನ್ನು ಹೆಚ್ಚು ವಾಲಿಸಬೇಡಿ.

ಪ್ರಶ್ನೆ: ತಂದೆಯವರ ಹಳೆಯ ಯೆಜ್ಡಿಗೆ ರೀಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಮತ್ತೆ ಕೊರೆಸಿ) ಹೊಸ ಪಿಸ್ಟನ್ ಹಾಕಿಸಿದ್ದೇನೆ. ಇದಕ್ಕೂ ಇದೇ ಕ್ರಮವೇ?
– ಓದುಗರು, ಮೈಸೂರು

ಉತ್ತರ: ನಿಮ್ಮೂರಿನ ಕಾರ್ಖಾನೆಯಲ್ಲೇ 1996ರವರೆಗೆ ತಯಾರಾದ ಆ ಟೂ ಸ್ಟ್ರೋಕ್ ಬೈಕುಗಳ ರೀತಿ ಬೇರೆ. ಮೇಲಿನ ಪ್ರಶ್ನೆಯ ಬೈಕ್ ಇಳಿಜಾರಿನಲ್ಲಿ ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಇಳಿದರೆ ಅಡ್ಡಿಯಿಲ್ಲ. ಆದರೆ ಯೆಜ್ಡಿಯ ಪಿಸ್ಟನ್ನಿಗೆ ಪೆಟ್ರೋಲಿನ ಜೊತೆ ಬೆರೆತು ಬರುವ ಆಯಿಲೇ ಗತಿ; ಆಕ್ಸಿಲರೇಟರ್ ಮುಚ್ಚಿದರೆ ಅದೂ ನಿಲ್ಲುವಷ್ಟು ಕಡಿಮೆಯಾಗಿ ಪಿಸ್ಟನ್ ಸೀಜ್ ಆಗಬಹುದು, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಂಡು ನಿಲ್ಲಬಹುದು. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಿರಿ. ವೇಗದ ಹಿಡಿತಕ್ಕೆ ಬ್ರೇಕನ್ನೇ ನಂಬಿ.